ಶಿವಾಜಿನಗರದ ನಮ್ಮ ಪ್ರತಿನಿಧಿ

ಪತ್ರಿಕಾಗೋಷ್ಠಿಯಲ್ಲಿ ಮೈಕು ಕೈಗೆ ಬಂದ ಕೂಡಲೇ ದೊಡ್ಡ ಮನುಷ್ಯರೆಲ್ಲ ಮೊದಲು ಹೇಳುವ ಮಾತು ‘ಮಾಧ್ಯಮ ಮಿತ್ರರೇ’. ಕೆಲಸದಲ್ಲಿದ್ದಷ್ಟು ಕಾಲವೂ ಆ ಮಾತು ಕಿವಿಗೆ ಬಿದ್ದಾಗಲೆಲ್ಲ ನನಗೆ ಮೈ ಉರಿಯುತ್ತಿತ್ತು. ಯಾರಿಗೆ ಯಾರು ಮಿತ್ರರು? ಹಲಸೂರು ಕೆರೆಗೆ ಕೊಳಚೆ ನೀರು ಎಲ್ಲಿಂದ ಬಂತು ಎಂದು ಕೇಳಲು ಹೋದವಳು ನಾನು, ಸ್ನೇಹ ಬೆಳೆಸಲು ಹೋದವಳಲ್ಲ. ಪ್ರಶ್ನೆ ಕೇಳಿದ ಮರುಕ್ಷಣ ಸ್ನೇಹ ಮುಗಿದು, “ಈ ಮೀಡಿಯಾದವ್ರದ್ದು ಯಾವಾಗ್ಲೂ ಇದೇ ಗೋಳು” ಎಂಬ ಗೊಣಗಾಟ ಶುರುವಾಗುತ್ತಿತ್ತು. ಆಮೇಲೆ ಉಪ್ಪಿಟ್ಟು, ಕೇಸರಿಬಾತು ಬರುತ್ತಿತ್ತು. ಕೆಲವರು ಅದನ್ನು ತಿಂದು ಮತ್ತೆ ಮಿತ್ರರಾಗಿ ಮನೆಗೆ ಹೋಗುತ್ತಿದ್ದರು.

ನಾನು ನಿವೃತ್ತಳಾದ ಮೇಲೆ ಇಂದಿರಾನಗರದ ಒಂದು ಕಾಲೇಜಿನವರು ಮನೆಗೆ ಬಂದು, ಪತ್ರಿಕೋದ್ಯಮ ಓದುವ ಮಕ್ಕಳಿಗಾಗಿ ನಾಲ್ಕು ಸ್ಫೂರ್ತಿದಾಯಕ ಮಾತು ಬರೆದುಕೊಡಿ ಎಂದರು. ಸ್ಫೂರ್ತಿ ನನ್ನ ಬಳಿ ಇಲ್ಲ. ಇರುವುದು ಸಿಟ್ಟು. ಅದನ್ನೇ ಬರೆಯುತ್ತಿದ್ದೇನೆ. ಅವರು ಅಚ್ಚು ಹಾಕಿದರೆ ಹಾಕಲಿ, ಬಿಟ್ಟರೆ ಬಿಡಲಿ.

ಈ ಕೆಲಸಕ್ಕೆ ಬರುವ ಮಕ್ಕಳು ಮೊದಲು ತಿಳಿಯಬೇಕಾದದ್ದು, ನಮ್ಮನ್ನು ಜನ ಏನೆಂದು ಕರೆಯುತ್ತಾರೆ ಎಂಬುದನ್ನು. ವರದಿಗಾರ, ಸುದ್ದಿಗಾರ, ಪತ್ರಕರ್ತ ಎಂಬುದೆಲ್ಲ ಪುಸ್ತಕದಲ್ಲಿರುವ ಮಾತು. ಹಳೇ ತಲೆಮಾರಿನವರು ಬಾತ್ಮೀದಾರ ಎನ್ನುತ್ತಿದ್ದರು. ರಸೆಲ್ ಮಾರುಕಟ್ಟೆಯಲ್ಲಿ ನಾನು ಅಖ್ಬಾರ್‌ವಾಲಿ, ಜೋಗುಪಾಳ್ಯದಲ್ಲಿ ಪೇಪರ್‌ಕಾರಮ್ಮ, ಪೊಲೀಸ್ ಠಾಣೆಯಲ್ಲಿ ಪ್ರೆಸ್ ಮೇಡಂ. ನಮ್ಮ ಆಫೀಸಿನಲ್ಲಿ ಬಹಳ ವರ್ಷ ನಾನು ‘ಲೇಡಿ ರಿಪೋರ್ಟರ್’ ಆಗಿದ್ದೆ. ಗಂಡಸರನ್ನು ಜೆಂಟ್ಸ್ ರಿಪೋರ್ಟರ್ ಎಂದು ಯಾರೂ ಕರೆದದ್ದು ನಾನು ಕೇಳಿಲ್ಲ. ಇರಲಿ, ಅದನ್ನು ನಾನು ನುಂಗಿಕೊಂಡೆ. ನುಂಗಲು ಆಗದ ಮಾತು ಇನ್ನೊಂದಿದೆ. ಅದು ‘ನಮ್ಮ ಪ್ರತಿನಿಧಿ’. ಅದು ಒಬ್ಬ ಮನುಷ್ಯನಿಗೆ ಏನು ಮಾಡಿತು ಎಂದು ಹೇಳುವುದಕ್ಕೇ ಇಷ್ಟೆಲ್ಲ ಬರೆಯುತ್ತಿರುವುದು.

ನಾನು ಕೆ.ಆರ್. ಪುರದ ಕಡೆಯ ಒಂದು ಸರ್ಕಾರಿ ಕಾರ್ಖಾನೆಯ ಕಾಲೊನಿಯಲ್ಲಿ ಬೆಳೆದವಳು. ಅಪ್ಪನಿಗೆ ನಾನು ವಿಮಾ ಕಚೇರಿ ಸೇರಬೇಕೆಂಬ ಆಸೆ ಇತ್ತು. ನಾನು ಪತ್ರಿಕೆ ಸೇರಿದೆ. ಮುಖ್ಯ ವರದಿಗಾರ ನರಹರಿರಾಯರು ಮೊದಲ ದಿನವೇ ಮಹಿಳಾ ಪುರವಣಿಯ ಕಡೆ ಬೆರಳು ತೋರಿಸಿದರು.

“ರಂಗೋಲಿ ಸ್ಪರ್ಧೆ, ಅಡುಗೆ, ಭಜನಾ ಮಂಡಳಿ. ಆರಾಮಾಗಿ ಬರ್ಕೊಂಡಿರಮ್ಮ.”

“ನನಗೆ ರಂಗೋಲಿ ಬರಲ್ಲ ಸಾರ್. ಕಂಟೋನ್ಮೆಂಟ್ ಕಡೆಯ ಸುದ್ದಿ ಕೊಡಿ.”

“ಅಲ್ಲಿ ಏನಿದೆ ಅಂತ ಗೊತ್ತಾ? ಒಂದು ಬೀದೀಲಿ ತಮಿಳು, ಇನ್ನೊಂದು ಬೀದೀಲಿ ಉರ್ದು. ಗಂಡಸ್ರೇ ಓಡಿಬರ್ತಾರೆ.”

“ಓಡಿಬಂದವ್ರ ಜಾಗ ಖಾಲಿ ಇದೆ ಅಂತಲೇ ಕೇಳ್ತಿರೋದು ಸಾರ್.”

ರಾಯರು ಕೊಟ್ಟರು. ಒಂದು ವಾರದಲ್ಲಿ ನಾನು ಅಳುತ್ತಾ ಬರುತ್ತೇನೆ ಎಂದು ಸುದ್ದಿ ತಿದ್ದುವ ಡೆಸ್ಕಿನಲ್ಲಿ ಎಲ್ಲರಿಗೂ ಹೇಳಿದ್ದರಂತೆ. ನಾನು ಅಳಲಿಲ್ಲ, ಆದರೆ ದಾರಿಯಂತೂ ತಪ್ಪಿದೆ. ಶಿವಾಜಿನಗರ ಬಸ್ ನಿಲ್ದಾಣದ ಹಿಂದಿನ ಗಲ್ಲಿಗಳಲ್ಲಿ ಸುತ್ತಿ ಸುತ್ತಿ ಸುಸ್ತಾಗಿ, ಮೋಟಾರ್ ವೈಂಡಿಂಗ್ ಅಂಗಡಿಯೊಂದರ ಮುಂದೆ ನಿಂತು ನೀರು ಕೇಳಿದೆ. ಒಳಗಿಂದ ಇಸ್ತ್ರಿ ಮಾಡಿದ ಬಿಳಿ ಅಂಗಿಯ ಮನುಷ್ಯ ಎದ್ದು ಬಂದರು. ತಾಮ್ರದ ತಂತಿ, ಗ್ರೀಸು, ಎಣ್ಣೆಯ ನಡುವೆ ಆ ಅಂಗಿ ಹೇಗೆ ಬೆಳ್ಳಗೆ ಉಳಿದಿತ್ತು ಎಂಬುದು ನನಗೆ ಇವತ್ತಿಗೂ ತಿಳಿದಿಲ್ಲ.

“ನೀವು ಪೇಪರ್‌ನವ್ರಾ?” ಎಂದರು. ಹೌದೆಂದು ಪತ್ರಿಕೆಯ ಹೆಸರು ಹೇಳಿದೆ.

“ಹಂಗಾದ್ರೆ ನಾವಿಬ್ರೂ ಒಂದೇ ಆಫೀಸು, ಆಪಾ. ಶಿವಾಜಿನಗರದ ನಮ್ಮ ಪ್ರತಿನಿಧಿ ಅಂದ್ರೆ ನಾನೇ.”

ಅವರು ಅನ್ವರ್ ಪಾಷಾ. ನನಗಿಂತ ದೊಡ್ಡವರಾದರೂ ಅಂದಿನಿಂದ ನಾನು ಅವರಿಗೆ ಆಪಾ, ಅಂದರೆ ಅಕ್ಕ. ಪತ್ರಿಕೆಗಳಲ್ಲಿ ಸಂಬಳದ ವರದಿಗಾರರು ಕೆಲವರಾದರೆ, ಹೀಗೆ ಸ್ವಂತ ಕಸುಬಿನ ಜೊತೆಗೆ ಸುದ್ದಿ ಬರೆದು ಕಳಿಸುವವರು ಹಲವರು. ಅವರನ್ನು ಅರೆಕಾಲಿಕರು, ಬಿಡಿ ಸುದ್ದಿಗಾರರು ಎನ್ನುತ್ತಾರೆ. ಅವರ ಸುದ್ದಿ ಅಚ್ಚಾದಾಗ ಮೇಲೆ ಅವರ ಹೆಸರು ಇರುವುದಿಲ್ಲ, ಊರಿನ ಹೆಸರೂ ‘ನಮ್ಮ ಪ್ರತಿನಿಧಿ’ ಎಂಬ ಮಾತೂ ಇರುತ್ತದೆ. ಆಯುಧಪೂಜೆಗೆ ಆಫೀಸಿನಿಂದ ಒಂದು ಸಿಹಿ ಡಬ್ಬ ಬರುತ್ತದೆ. ಗುರುತಿನ ಚೀಟಿ ಮಾತ್ರ ಬರುವುದಿಲ್ಲ. ಕಾರ್ಡು ಕೊಟ್ಟರೆ ನಾಳೆ ನಾನು ನಿಮ್ಮ ನೌಕರ ಎಂದು ಕೋರ್ಟಿಗೆ ಹೋಗುತ್ತಾರಂತೆ. ಆಡಳಿತ ವಿಭಾಗದವರು ಇದನ್ನು ಬಹಳ ಬುದ್ಧಿವಂತಿಕೆಯ ಮಾತೆಂದು ನನಗೆ ವಿವರಿಸಿದ್ದರು.

ಅನ್ವರ್ ಸಾಧು ಮನುಷ್ಯರೇನಲ್ಲ. ಜಂಬ ಬಹಳ. ಸ್ಕೂಟರಿನ ಮುಂದೆ ಕೆಂಪು ಅಕ್ಷರದಲ್ಲಿ ಪ್ರೆಸ್ ಎಂದು ಬರೆಸಿದ್ದರು, ಅದು ನಂಬರ್ ಪ್ಲೇಟಿಗಿಂತ ದೊಡ್ಡದಿತ್ತು. ಅವರ ಪ್ರಕಾರ ಬಿದ್ದ ಬೆಂಕಿಯೆಲ್ಲ ಭೀಕರ, ನಡೆದ ಸಭೆಯೆಲ್ಲ ಬೃಹತ್. ಆ ವಿಶೇಷಣಗಳನ್ನು ನಾನು ಕತ್ತರಿಸಿದರೆ ಮಾರನೆಯ ದಿನ ಜಗಳಕ್ಕೆ ಬರುತ್ತಿದ್ದರು.

“ನಮ್ ಕಸಾಯಿಗಳ ಚಾಕು ನಿಮ್ ಪೆನ್ನಿಗಿಂತ ಮೆತ್ತಗಿದೆ ಆಪಾ. ಮೂಳೆನಾದ್ರೂ ಬಿಡಿ.”

ಮಗಳು ಶಬಾನಾಳ ಮದುವೆ ಪತ್ರಿಕೆಯಲ್ಲಿ ತಮ್ಮ ಹೆಸರಿನ ಮುಂದೆ ‘ಪತ್ರಕರ್ತ’ ಎಂದು ಹಾಕಿಸಿದ್ದರು, ಕನ್ನಡದಲ್ಲೂ ಉರ್ದುವಿನಲ್ಲೂ. “ಮೋಟಾರ್ ವೈಂಡಿಂಗ್ ಅಂತ ಯಾಕೆ ಹಾಕಿಸಲಿಲ್ಲ, ಹೊಟ್ಟೆಗೆ ಅನ್ನ ಹಾಕೋದು ಅದೇ ತಾನೇ?” ಎಂದು ನಾನು ಕೆಣಕಿದ್ದಕ್ಕೆ, “ಅನ್ನ ಎಲ್ರೂ ತಿಂತಾರೆ ಆಪಾ, ಎಲ್ರೂ ಬರೀತಾರಾ?” ಎಂದರು.

ಹೆಸರಿಲ್ಲದೆ ಬರೆಯುವುದರಲ್ಲಿ ಏನು ಕೆಡುಕಿದೆ ಎಂದು ನನಗೆ ಮೊದಲು ಹೊಳೆದದ್ದು ಜೋಗುಪಾಳ್ಯದಲ್ಲಿ. ಅಲ್ಲಿನ ಒಂದು ಪಡಿತರ ಅಂಗಡಿಯ ತೂಕದ ಮೋಸದ ಬಗ್ಗೆ ನಾನು ಬರೆದಿದ್ದೆ. ಆಗ ಸಂಬಳದವರಿಗೂ ಹೆಸರು ಹಾಕುತ್ತಿರಲಿಲ್ಲ. ನನ್ನ ಹೆಸರು ಹಾಕಿ ಎಂದು ರಾಯರನ್ನು ಕೇಳಿಯೂ ಇದ್ದೆ. “ಹೆಸರು ಅಚ್ಚಾದ್ರೆ ತಲೆ ತಿರುಗುತ್ತಮ್ಮ, ಕಾಲು ನೆಲದ ಮೇಲೆ ನಿಲ್ಲಲ್ಲ” ಎಂದು ‘ನಮ್ಮ ವರದಿಗಾರರಿಂದ’ ಎಂದು ಬಿಟ್ಟರು. ಬೆಳಗ್ಗೆ ಅಂಗಡಿಯವನು ಪತ್ರಿಕೆ ನೋಡಿದ. ಹೊಡೆಯಲು ಯಾರೂ ಸಿಗಲಿಲ್ಲ. ಅದನ್ನು ಮನೆ ಮನೆಗೆ ಹಾಕುವ ಸೆಲ್ವಂ ಸಿಕ್ಕಿದ. ಅವನ ಸೈಕಲ್ ತಳ್ಳಿ, ಕಪಾಳಕ್ಕೆ ಬಾರಿಸಿದ. ನಾನು ವಿಷಯ ತಿಳಿದು ಓಡಿಹೋದರೆ ಸೆಲ್ವಂನ ಹೆಂಡತಿ ಬಾಗಿಲಲ್ಲೇ ತಡೆದಳು.

“ಬರೆದೋರು ನೀವು, ಏಟು ತಿಂದೋರು ನಮ್ಮೆಜಮಾನ್ರು. ಒಂದ್ ಹೆಸ್ರು ಹಾಕ್ಕೊಳಕ್ಕೆ ಏನ್ ಕಷ್ಟ ನಿಮ್ಗೆ, ಪೇಪರ್‌ಕಾರಮ್ಮ?”

ಆ ಪ್ರಶ್ನೆಯನ್ನು ಹಾಗೇ ತಂದು ರಾಯರ ಮೇಜಿನ ಮೇಲೆ ಹಾಕಿದೆ. ಅವರು ಸೆಲ್ವಂನ ಔಷಧಿಗೆ ಏನಾದರೂ ಮಾಡೋಣ ಎಂದರೇ ಹೊರತು ಹೆಸರಿನ ಮಾತೆತ್ತಲಿಲ್ಲ. ನಾನು ಕೇಳುತ್ತಲೇ ಇದ್ದೆ, ಕೆಲವು ವರ್ಷಗಳ ಮೇಲೆ ಸಂಬಳದ ವರದಿಗಾರರಿಗೆ ಹೆಸರು ಬಂತು. ಅನ್ವರ್‌ಗೆ ಬರಲಿಲ್ಲ. ‘ಅವರಿಗೂ ಹಾಕಿದರೆ ಅದು ಕಾರ್ಡು ಕೊಟ್ಟ ಹಾಗೆಯೇ’ ಎಂದು ಆಡಳಿತದವರು ಅಡ್ಡ ಹಾಕಿದರು. ಮತ್ತೆ ಅದೇ ಬುದ್ಧಿವಂತಿಕೆ.

ಅದಕ್ಕೆ ಅನ್ವರ್ ತಾವೇ ಒಂದು ಉಪಾಯ ಮಾಡಿಕೊಂಡರು. ಮಾರುಕಟ್ಟೆಯ ಹತ್ತಿರದ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಒಂದು ವಿಸಿಟಿಂಗ್ ಕಾರ್ಡು ಮಾಡಿಸಿದರು. ಮೇಲೆ ನಮ್ಮ ಪತ್ರಿಕೆಯ ಹೆಸರು, ಕೆಳಗೆ ಅವರ ಹೆಸರು, ಶಿವಾಜಿನಗರ ಪ್ರತಿನಿಧಿ ಎಂದು. ಮೊದಲ ಕಾರ್ಡನ್ನು ರಾಯರಿಗೇ ಕೊಟ್ಟರು. ರಾಯರು ಅದನ್ನು ತಿರುಗಿಸಿ ನೋಡಿ, “ನಮ್ಮ ಆಫೀಸಿನ ಕಾರ್ಡಿಗಿಂತ ಚೆನ್ನಾಗಿದೆ ಕಣ್ರೀ” ಎಂದು ಜೇಬಿಗೆ ಹಾಕಿಕೊಂಡರು. ಇಡೀ ಡೆಸ್ಕು ನಕ್ಕಿತು. ಕಾರ್ಡಿನ ಸಂಗತಿ ಆಫೀಸಿನಲ್ಲಿ ಎಲ್ಲರಿಗೂ ಗೊತ್ತಿತ್ತು ಎಂಬುದನ್ನು ನೆನಪಿಡಿ.

ಹಾಗೆಂದು ಅವರು ಬರೀ ಕಾರ್ಡು, ಸ್ಕೂಟರಿನ ವರದಿಗಾರರಾಗಿರಲಿಲ್ಲ. ಒಮ್ಮೆ ಲಿಂಗರಾಜಪುರದಲ್ಲಿ ಕಟ್ಟುತ್ತಿದ್ದ ಮನೆಯ ಗೋಡೆ ಕುಸಿದು ಕೂಲಿಯವರು ಸತ್ತರು. ನಾವು ಸಂಬಳದವರೆಲ್ಲ ಅಧಿಕಾರಿಗಳ ಹಿಂದೆ ಓಡಾಡಿ, ‘ಉತ್ತರ ಕರ್ನಾಟಕದ ಕಾರ್ಮಿಕರು’ ಎಂದು ಬರೆದುಕೊಂಡು ಬಂದೆವು. ಅನ್ವರ್ ಆಸ್ಪತ್ರೆಯ ಹೊರಗಡೆ ಸತ್ತವರ ಹೆಂಡತಿಯರ ಜೊತೆ ನೆಲದ ಮೇಲೆ ಕೂತು ಒಬ್ಬೊಬ್ಬರ ಹೆಸರು, ಊರು, ಮಕ್ಕಳ ಹೆಸರು ಬರೆದು ಕಳಿಸಿದ್ದರು. ಜಾಗ ಸಾಲದು, ಹೆಸರು ಬಿಡೋಣ ಎಂದು ಡೆಸ್ಕಿನವರು ಹೇಳಿದ್ದಕ್ಕೆ ಫೋನಿನಲ್ಲೇ ಕೂಗಾಡಿದರು.

“ಬೇಕಾದ್ರೆ ಆ ಭೀಕರ ಅನ್ನೋದು ತೆಗೀರಿ, ಘೋರ ಅನ್ನೋದೂ ತೆಗೀರಿ. ಹೆಸ್ರು ತೆಗೀಬೇಡಿ. ಹೆಸ್ರು ತೆಗೆದ್ರೆ ಅದು ಸುದ್ದಿ ಅಲ್ಲ, ಬರೀ ಲೆಕ್ಕ.”

ತಮ್ಮ ವಿಶೇಷಣಗಳನ್ನು ಅವರು ತಾವಾಗಿಯೇ ಬಿಟ್ಟುಕೊಟ್ಟದ್ದು ಅದೊಂದೇ ಸಲ. ಮಾರನೆಯ ದಿನ ಹೆಸರುಗಳೆಲ್ಲ ಅಚ್ಚಾದವು, ಮೇಲೆ ‘ನಮ್ಮ ಪ್ರತಿನಿಧಿ’ ಎಂದಿತ್ತು.

ರಾಯರು ನಿವೃತ್ತರಾದರು. ಕೆಲಸದ ರೀತಿ ಬದಲಾಯಿತು. ಮೊದಲೆಲ್ಲ ನಾವು ಕಾಯಿನ್ ಬೂತಿನಿಂದ ಸುದ್ದಿಯನ್ನು ಓದಿ ಹೇಳುತ್ತಿದ್ದೆವು, ಆಚೆ ಕಡೆ ಯಾರೋ ಬಯ್ಯುತ್ತಾ ಬರೆದುಕೊಳ್ಳುತ್ತಿದ್ದರು. ಬೈಗುಳದ ನಡುವೆ, ‘ಇದನ್ನು ನೀನು ಕಣ್ಣಾರೆ ಕಂಡೆಯಾ?’ ಎಂಬ ಪ್ರಶ್ನೆ ಬಂದೇ ಬರುತ್ತಿತ್ತು. ಆಮೇಲೆ ಫ್ಯಾಕ್ಸ್ ಬಂತು, ಇಮೇಲ್ ಬಂತು, ಕೊನೆಗೆ ವಾಟ್ಸ್‌ಆ್ಯಪ್ ಬಂತು. ಈಗ ಪೊಲೀಸರು ಗ್ರೂಪಿಗೆ ಒಂದು ಟಿಪ್ಪಣಿ ಹಾಕುತ್ತಾರೆ, ಎಲ್ಲ ಪತ್ರಿಕೆಯವರೂ ಅದನ್ನು ಎತ್ತಿ ಪುಟಕ್ಕೆ ಅಂಟಿಸುತ್ತಾರೆ. ಕಂಡೆಯಾ ಎಂದು ಯಾರೂ ಯಾರನ್ನೂ ಕೇಳುವುದಿಲ್ಲ. ಹೊಸ ಸಂಪಾದಕರು ಬಂದು ಪುಟಗಳಿಗೆಲ್ಲ ಅಚ್ಚುಕಟ್ಟಾದ ಚೌಕಟ್ಟು ಮಾಡಿಸಿದರು. ನಗರ ಪೂರ್ವದ ಪುಟದಲ್ಲಿ ಹಲಸೂರು, ಶಿವಾಜಿನಗರ, ಕೆ.ಆರ್. ಪುರ ಎಂದು ಒಂದೊಂದು ಪ್ರದೇಶಕ್ಕೂ ಒಂದು ಡಬ್ಬಿ. ಡಬ್ಬಿಯ ತಲೆಯ ಮೇಲೆ ಊರೂ ‘ನಮ್ಮ ಪ್ರತಿನಿಧಿ’ ಎಂಬುದೂ ಮೊದಲೇ ಅಚ್ಚಾಗಿರುತ್ತಿತ್ತು. ಕೆಳಗೆ ಸುದ್ದಿ ಸುರಿದರಾಯಿತು. ಕಂಪ್ಯೂಟರ್ ಮುಂದೆ ಕೂತ ಉಪಸಂಪಾದಕಿ ರಮ್ಯಾ ಬಹಳ ಚುರುಕಿನ ಹುಡುಗಿ, ಒಂದು ಸಂಜೆಯಲ್ಲಿ ಪುಟಗಟ್ಟಲೆ ಸುರಿಯುತ್ತಿದ್ದಳು.

ನನ್ನ ನಿವೃತ್ತಿಗೆ ಇನ್ನೇನು ಸ್ವಲ್ಪ ಕಾಲ ಇದೆ ಎನ್ನುವಾಗ ಒಂದು ಬೆಳಗ್ಗೆ ಶಬಾನಾ ಫೋನ್ ಮಾಡಿದಳು.

“ಆಪಾ, ಅಬ್ಬಾನ ಪೊಲೀಸ್ನೋರು ಜೀಪಲ್ಲಿ ಕೂರಿಸ್ಕೊಂಡು ಹೋದ್ರು. ಫೋನ್ ಕಿತ್ಕೊಂಡಿದಾರೆ.”

ನಡೆದದ್ದು ಇಷ್ಟು. ಮಾರುಕಟ್ಟೆಯ ಪಕ್ಕದ ರಸ್ತೆಯಲ್ಲಿ ಹೂವು, ಸೊಪ್ಪು, ಬಳೆ ಮಾರುವವರ ಗೂಡಂಗಡಿ, ತಳ್ಳುಗಾಡಿಗಳನ್ನು ತೆಗೆಯಲು ಅಧಿಕಾರಿಗಳು ಪೊಲೀಸರ ಜೊತೆ ಜೆಸಿಬಿ ತಂದಿದ್ದರು. ಮೊದಲೇ ತಿಳಿಸಿರಲಿಲ್ಲ. ಹೂವಿನ ಮುನಿಯಮ್ಮ ಬುಟ್ಟಿ ಎತ್ತಿಕೊಳ್ಳುವ ಮೊದಲೇ ಜೆಸಿಬಿ ಅವಳ ಅಂಗಡಿಗೆ ಬಾಯಿ ಹಾಕಿತು. ಅನ್ವರ್ ಎದುರು ನಿಂತು ಫೋನಿನಲ್ಲಿ ಚಿತ್ರ ತೆಗೆಯುತ್ತಿದ್ದರು. ಯಾರು ನೀನು ಎಂದು ಪೊಲೀಸರು ಕೇಳಿದರು. ಪ್ರೆಸ್ ಎಂದರು. ಕಾರ್ಡು ತೋರಿಸು ಎಂದರು. ಅನ್ವರ್ ತಾವೇ ಮಾಡಿಸಿಕೊಂಡಿದ್ದ ಆ ಕಾರ್ಡನ್ನು ತೋರಿಸಿದರು.

ನಾನು ಆಟೊ ಹಿಡಿದು ಠಾಣೆಗೆ ಹೋದೆ. ಇನ್‌ಸ್ಪೆಕ್ಟರ್ ಪರಿಚಯದವರೇ. ಕುರ್ಚಿ ಕೊಟ್ಟರು, ಟೀ ತರಿಸಿದರು. ಒಳಗೆ ಬೆಂಚಿನ ಮೇಲೆ ಅನ್ವರ್ ಕೂತಿದ್ದರು. ಆ ಬಿಳಿ ಅಂಗಿಯ ಮೇಲೆ ಅವತ್ತು ಮೊದಲ ಬಾರಿಗೆ ಮಣ್ಣು ಕಂಡೆ.

“ಇವರು ನಮ್ಮ ವರದಿಗಾರರು ಸಾರ್. ನನಗೆ ಮೂವತ್ತು ವರ್ಷಕ್ಕಿಂತ ಹೆಚ್ಚಿನ ಪರಿಚಯ. ಬಿಡಿ ಇವರನ್ನ.”

“ನೀವು ಹೇಳಿದ್ರೆ ಇಲ್ಲ ಅಂತೀನಾ ಮೇಡಂ? ಆದ್ರೆ ನಿಮ್ ಆಫೀಸಿಗೇ ಫೋನ್ ಮಾಡಿ ಕೇಳಿದ್ವಿ. ಹೆಚ್ಆರ್‌ನೋರು ಅಂಥ ಹೆಸರಿನ ಸಿಬ್ಬಂದಿ ನಮ್ಮಲ್ಲಿ ಇಲ್ಲ ಅಂದ್ಬಿಟ್ರು. ಇವ್ರು ನೋಡಿದ್ರೆ ನಿಮ್ ಪೇಪರ್ ಹೆಸರಲ್ಲಿ ಕಾರ್ಡ್ ಪ್ರಿಂಟ್ ಹಾಕ್ಸಿದಾರೆ. ನಾನೇನ್ ಮಾಡ್ಲಿ?”

“ಅದು ಎಲ್ಲರಿಗೂ ಗೊತ್ತಿರೋ ಕಾರ್ಡು.”

“ಹಂಗಂತ ನಿಮ್ ಸಂಪಾದಕರ ಹತ್ರ ಒಂದು ಲೈನ್ ಹೇಳ್ಸಿ ಮೇಡಂ. ಸಾಯಂಕಾಲದೊಳಗೆ ಹೇಳ್ಸಿ. ಬರೀ ಗಲಾಟೆ ಅಂತ ಬರ್ಕೊಂಡು ಕಳ್ಸಿಬಿಡ್ತೀನಿ. ಇಲ್ಲ ಅಂದ್ರೆ ಕರ್ತವ್ಯಕ್ಕೆ ಅಡ್ಡಿ ಜೊತೆಗೆ ಮೋಸದ ಕೇಸೂ ಆಗುತ್ತೆ.”

ಒಂದು ಸಾಲು. ಆ ಮನುಷ್ಯನ ಮಾನ ಉಳಿಯಲು ಬೇಕಾಗಿದ್ದುದು ನಮ್ಮ ಆಫೀಸಿನಿಂದ ಒಂದೇ ಒಂದು ಸಾಲು. ನಾನು ಹೊರಡುವಾಗ ಅನ್ವರ್ ಎದ್ದು ನಿಂತು, “ಸುದ್ದಿ ಮಾತ್ರ ಬಿಡ್ಬೇಡಿ ಆಪಾ. ಮುನಿಯಮ್ಮನ ಹೆಸ್ರು ಹಾಕ್ಸಿ” ಎಂದರು. ತಮ್ಮ ವಿಷಯ ಆಡಲೇ ಇಲ್ಲ. ಆಫೀಸು ತಮ್ಮನ್ನು ಬಿಡಿಸುತ್ತದೆ ಎಂಬುದರಲ್ಲಿ ಅವರಿಗೆ ಅನುಮಾನವೇ ಇರಲಿಲ್ಲ.

ಸಂಪಾದಕರು ಮೀಟಿಂಗಿನಲ್ಲಿದ್ದರು. ನಾನು ಬಾಗಿಲು ತೆಗೆದು ಒಳಗೆ ಹೋದೆ. ಎಲ್ಲ ಕೇಳಿದ ಮೇಲೆ ಅವರು ಕನ್ನಡಕ ತೆಗೆದು ಒರೆಸಿದರು.

“ಮೇಡಂ, ನಿಮ್ಮ ಭಾವನೆ ನನಗೆ ಅರ್ಥ ಆಗುತ್ತೆ. ಆದ್ರೆ ಟೆಕ್ನಿಕಲಿ ಅವರು ನಮ್ಮ ಪತ್ರಕರ್ತರಲ್ಲ. ಸುದ್ದಿ ಒದಗಿಸೋರು, ಅಷ್ಟೇ.”

“ಹಾಲು ಒದಗಿಸೋರು, ಪೇಪರ್ ರೋಲ್ ಒದಗಿಸೋರು, ಸುದ್ದಿ ಒದಗಿಸೋರು. ಹಾಗಾ ಸಾರ್?”

“ಲೀಗಲ್‌ನವ್ರನ್ನ ಕೇಳ್ದೆ ಏನೂ ಹೇಳೋಕಾಗಲ್ಲ. ಇದು ಸಂಸ್ಥೆಯ ಹೆಸರಿನ ಪ್ರಶ್ನೆ.”

“ಅವರ ಹೆಸರಿನ ಪ್ರಶ್ನೆ ಯಾರು ಕೇಳ್ಬೇಕು?”

ಅವರು ಕನ್ನಡಕ ಹಾಕಿಕೊಂಡು ಮೀಟಿಂಗಿಗೆ ತಿರುಗಿದರು. ಲೀಗಲ್‌ನವರು ಸಂಜೆಯೊಳಗೆ ಸಿಗಲಿಲ್ಲ, ಅಥವಾ ಯಾರೂ ಹುಡುಕಲಿಲ್ಲ. ಮುನಿಯಮ್ಮನ ಸುದ್ದಿಯನ್ನು ನಾನೇ ಕೂತು ಬರೆದು ಪುಟಕ್ಕೆ ಕೊಟ್ಟು, ವಕೀಲರನ್ನು ಹುಡುಕಲು ಹೊರಟೆ.

ಬೆಳಗ್ಗೆ ಪತ್ರಿಕೆ ಬಿಡಿಸಿದೆ. ಮುನಿಯಮ್ಮನ ಸುದ್ದಿ ಇರಲಿಲ್ಲ. ನಗರ ಪೂರ್ವದ ಪುಟದಲ್ಲಿ, ಶಿವಾಜಿನಗರದ ಡಬ್ಬಿಯಲ್ಲಿ, ಪೊಲೀಸರ ವಾಟ್ಸ್‌ಆ್ಯಪ್ ಟಿಪ್ಪಣಿ ಅಕ್ಷರವೂ ಬದಲಾಗದೆ ಕೂತಿತ್ತು. ತಲೆಬರಹ ‘ನಕಲಿ ಪತ್ರಕರ್ತನ ಬಂಧನ’. ನಿನ್ನೆಯವರೆಗೂ ‘ಅನ್ವರ್ ಅವರೇ, ಇವತ್ತೇನಿದೆ?’ ಎಂದು ಫೋನ್ ಮಾಡುತ್ತಿದ್ದ ನಮ್ಮ ಡೆಸ್ಕು ‘ಈತ ಪತ್ರಕರ್ತನ ಸೋಗಿನಲ್ಲಿ ಅಧಿಕಾರಿಗಳಿಗೆ ಅಡ್ಡಿಪಡಿಸಿದ್ದು’ ಎಂದು ಅಚ್ಚು ಹಾಕಿತ್ತು. ಅದರ ತಲೆಯ ಮೇಲೆ, ಡಬ್ಬಿಯ ಜೊತೆಗೇ ಬರುವ ಹಳೇ ಸಾಲು ಹಾಗೇ ಇತ್ತು. ‘ಶಿವಾಜಿನಗರ: ನಮ್ಮ ಪ್ರತಿನಿಧಿ’.

ಮನುಷ್ಯ ಠಾಣೆಯಲ್ಲಿ ಕೂತಿದ್ದಾರೆ. ಅವರು ನಕಲಿ ಎಂಬ ಸುದ್ದಿಯನ್ನು ಅವರೇ ಕಳಿಸಿದ್ದಾರೆ ಎಂದು ಅವರ ಪತ್ರಿಕೆ ಊರಿಗೆಲ್ಲ ಹೇಳುತ್ತಿದೆ. ಇಂಥ ತಪ್ಪು ಪತ್ರಿಕೆಯವರನ್ನು ಬಿಟ್ಟು ಲೋಕದಲ್ಲಿ ಬೇರೆ ಯಾರಿಂದಲೂ ಆಗಲು ಸಾಧ್ಯವಿಲ್ಲ.

ಆ ಪುಟವನ್ನು ಸಂಪಾದಕರ ಮೇಜಿನ ಮೇಲೆ ಹರಡಿದೆ.

“ಸಾರ್, ಶಿವಾಜಿನಗರದ ನಮ್ಮ ಪ್ರತಿನಿಧಿ ಯಾರು? ಹೆಸರು ಹೇಳಿ.”

ಅವರು ನೋಡಿದರು. ಮುಖ ಕೆಂಪಾಯಿತು. ರಮ್ಯಾಳನ್ನು ಕರೆಸಿದರು. ಅವಳು ಪುಟ ನೋಡಿ ಬಾಯಿಗೆ ಕೈ ಅಡ್ಡ ಹಿಡಿದಳು.

“ಅದು ಟೆಂಪ್ಲೇಟ್‌ನಲ್ಲೇ ಬರುತ್ತೆ ಸಾರ್. ನಾನು ಟಿಪ್ಪಣಿ ಪೇಸ್ಟ್ ಮಾಡಿದೆ ಅಷ್ಟೇ. ಇದು ನಮ್ಮ ಅನ್ವರ್ ಅವ್ರೇ ಅಂತ ಗೊತ್ತೇ ಆಗ್ಲಿಲ್ಲ. ಟಿಪ್ಪಣೀಲಿ ಬರೀ ಪಾಷಾ ಅಂತಿತ್ತು.”

“ಸರಿ,” ಎಂದೆ. “ತಪ್ಪಾಗಿದೆ. ನಾಳೆ ತಿದ್ದುಪಡಿ ಹಾಕೋಣ. ನಕಲಿ ಅಲ್ಲ, ಇವರು ನಮ್ಮ ಪ್ರತಿನಿಧಿ ಅಂತ.”

ಅದಕ್ಕೆ ಸಂಪಾದಕರು ಆಡಿದ ಮಾತನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ.

“ತಿದ್ದುಪಡಿ ಹಾಕೋಣ. ಆ ಸುದ್ದಿಯ ಮೇಲೆ ನಮ್ಮ ಪ್ರತಿನಿಧಿ ಅಂತ ತಪ್ಪಾಗಿ ಮುದ್ರಣವಾಗಿದೆ ಅಂತ ಹಾಕೋಣ.”

ಜೀವಮಾನದಲ್ಲಿ ಆಫೀಸಿನಲ್ಲಿ ನಾನು ಗಂಟಲೇರಿಸಿ ಕೂಗಿದ್ದು ಅವತ್ತೇ. ಏನೇನು ಅಂದೆ ಎಂದು ಇಲ್ಲಿ ಬರೆಯುವುದಿಲ್ಲ, ಮಕ್ಕಳು ಓದುತ್ತಾರೆ. ಕೊನೆಗೆ ಆ ತಿದ್ದುಪಡಿಯೂ ಬರಲಿಲ್ಲ, ಈ ತಿದ್ದುಪಡಿಯೂ ಬರಲಿಲ್ಲ. ಪತ್ರಿಕೆಗಳಿಗೆ ಮೌನ ಬಹಳ ಚೆನ್ನಾಗಿ ಬರುತ್ತದೆ. ಮೋಸದ ಕೇಸು ದಾಖಲಾಯಿತು. ಮಾರುಕಟ್ಟೆಯ ಇಬ್ಬರು ವ್ಯಾಪಾರಿಗಳು ಜಾಮೀನು ನಿಂತು ಅನ್ವರ್ ಅವರನ್ನು ಕರೆತಂದರು. ಹೊರಗೆ ಬಂದವರು ಮೊದಲು ಕೇಳಿದ್ದು ಆ ದಿನದ ಪತ್ರಿಕೆ. ಕೊಡಬೇಡ ಎಂದು ಶಬಾನಾಗೆ ಸನ್ನೆ ಮಾಡಿದೆ. ಅಷ್ಟರಲ್ಲಿ ಯಾರೋ ಕೊಟ್ಟಾಗಿತ್ತು. ಓದಿದರು, ಮಡಚಿದರು. ಮುಂದಿನ ಸಲ ನಾನು ಅಂಗಡಿಗೆ ಹೋದಾಗ ಸ್ಕೂಟರಿನ ಮೇಲೆ ಪ್ರೆಸ್ ಎಂದಿದ್ದ ಜಾಗದಲ್ಲಿ ಕೆರೆದ ಗುರುತು ಮಾತ್ರ ಇತ್ತು.

ನಾನು ನಿವೃತ್ತಳಾದೆ. ಬೀಳ್ಕೊಡುಗೆಯಲ್ಲಿ ಶಾಲು ಹೊದಿಸಿ, ಹಿರಿಯ ಪತ್ರಕರ್ತೆ ಎಂದು ಬರೆದ ಫಲಕ ಕೊಟ್ಟರು. ಶಾಲು ಬೆಚ್ಚಗಿದೆ, ಬಳಸುತ್ತಿದ್ದೇನೆ. ಫಲಕವನ್ನು ಅಲ್ಲೇ ಮೇಜಿನ ಮೇಲೆ ಬಿಟ್ಟು ಬಂದೆ.

ಕೇಸು ಕೋರ್ಟಿಗೆ ಬಂದ ದಿನ ಅನ್ವರ್ ಜೊತೆ ನಾನೂ ಹೋಗಿದ್ದೆ. ಕಟಕಟೆಯಲ್ಲಿ ಹೆಸರು ಕೇಳಿದರು, ತಂದೆಯ ಹೆಸರು ಕೇಳಿದರು, ಅನ್ವರ್ ಹೇಳಿದರು. “ಉದ್ಯೋಗ?” ಎಂದರು.

“ಮೋಟಾರ್ ವೈಂಡಿಂಗ್.”

ಹೊರಗೆ ಬಂದ ಮೇಲೆ ಅವರ ಮೇಲೇ ರೇಗಿದೆ.

“ಯಾಕ್ರೀ ಹಾಗಂದ್ರಿ? ಮಗಳ ಮದುವೇಲಿ ಊರಿಗೆಲ್ಲ ಹೇಳ್ಕೊಂಡವ್ರು, ಇಲ್ಲಿ ಹೇಳೋಕೆ ಏನಾಗಿತ್ತು?”

“ನಕ್ಕೋ ಆಪಾ, ಬೇಡ. ಆ ಮಾತು ಹೇಳಿದ್ದಕ್ಕೇ ಅಲ್ವಾ ಇಲ್ಲಿ ನಿಂತಿರೋದು?”

ಮುಂದೆ ನಮ್ಮ ವಕೀಲರು ನನ್ನನ್ನು ಸಾಕ್ಷಿಗೆ ಕರೆದರು. ಆ ಪುಟವನ್ನು ಕೈಗೆ ಕೊಟ್ಟು, ಶಿವಾಜಿನಗರದ ನಮ್ಮ ಪ್ರತಿನಿಧಿ ಎಂದರೆ ಯಾರು ಎಂದು ಕೇಳಿದರು. ಸಂಪಾದಕರಿಗೆ ನಾನು ಕೇಳಿದ ಪ್ರಶ್ನೆಯೇ ಅದು. ಅಲ್ಲಿ ನಿಂತಿದ್ದಾರೆ ನೋಡಿ, ಅನ್ವರ್ ಪಾಷಾ, ನಮ್ಮ ಪತ್ರಿಕೆಯ ವರದಿಗಾರರು ಎಂದು ಇಡೀ ಹಾಲಿಗೆ ಕೇಳುವಂತೆ ಹೇಳಿದೆ. ಟೈಪು ಮಾಡುವವರು ಅದನ್ನು ದಾಖಲು ಮಾಡಿಕೊಂಡರು. ಅನ್ವರ್ ತಲೆ ಎತ್ತಲಿಲ್ಲ.

ಕೇಸು ಎಳೆದಾಡಿ ಎಳೆದಾಡಿ ಕಳೆದ ವರ್ಷ ಮುಗಿಯಿತು. ಖುಲಾಸೆ. ಬಂಧನದ ಸುದ್ದಿ ಹಾಕಿದ ಪತ್ರಿಕೆ ಬಿಡುಗಡೆಯ ಸುದ್ದಿಯನ್ನೂ ಹಾಕಬೇಕು, ಅದು ಈ ಕೆಲಸದ ಕನಿಷ್ಠ ಮರ್ಯಾದೆ. ಅವತ್ತೇ ರಮ್ಯಾಳಿಗೆ ಫೋನ್ ಮಾಡಿದೆ. ಅವಳೀಗ ಆ ಪುಟದ ಮುಖ್ಯಸ್ಥೆ.

“ಹಾಕ್ಬಹುದು ಮೇಡಂ,” ಎಂದಳು. “ಆದ್ರೆ ಯಾರಾದ್ರೂ ಬರೆದು ಕಳಿಸ್ಬೇಕಲ್ಲ. ಪೊಲೀಸ್ ಗ್ರೂಪಲ್ಲೂ ಬಂದಿಲ್ಲ.”

“ಕೋರ್ಟಿಗೆ ಯಾರನ್ನಾದ್ರೂ ಕಳ್ಸು.”

“ಯಾರನ್ನ ಕಳಿಸ್ಲಿ ಮೇಡಂ? ಅನ್ವರ್ ಅವರು ಬಿಟ್ಮೇಲೆ ಶಿವಾಜಿನಗರಕ್ಕೆ ನಮ್ಮ ಪ್ರತಿನಿಧಿನೇ ಇಲ್ಲ.”

ನಾನು ಫೋನ್ ಇಟ್ಟೆ. ಆ ಹುಡುಗಿಗೆ ತಾನು ಏನು ಹೇಳಿದೆ ಎಂಬುದು ತಿಳಿದಿರಲಿಲ್ಲ. ಇನ್‌ಸ್ಪೆಕ್ಟರ್ ಸಾಯಂಕಾಲದೊಳಗೆ ಹೇಳಿಸಿ ಎಂದದ್ದು, ಸಂಪಾದಕರು ಕನ್ನಡಕ ಒರೆಸುತ್ತಾ ನುಂಗಿಕೊಂಡದ್ದು ಆ ಒಂದೇ ಸಾಲನ್ನು. ಈಗ ಅದು ಆ ಕಟ್ಟಡದಿಂದ ತಾನಾಗಿಯೇ ಹೊರಗೆ ಬಂದಿತ್ತು.

ಅಂಗಡಿಗೆ ಹೋಗಿ ರಮ್ಯಾ ಹೇಳಿದ ಮಾತನ್ನು ಅನ್ವರ್‌ಗೆ ಹೇಳಿದೆ. ಅವರು ಯಾವುದೋ ನೀರಿನ ಮೋಟಾರಿಗೆ ತಂತಿ ಸುತ್ತುತ್ತಿದ್ದರು. ಪೂರ್ತಿ ಕೇಳಿಸಿಕೊಂಡರು. ಸುತ್ತು ಮುಗಿಸಿ, ತುದಿ ಕತ್ತರಿಸಿ, ಕೈ ಒರೆಸಿಕೊಂಡರು.

“ಅವತ್ತು ಹೇಳಿದ್ರೆ ಸಾಕಿತ್ತು, ಆಪಾ,” ಎಂದು ಮೋಟಾರು ಓಡುತ್ತದೆಯೋ ಇಲ್ಲವೋ ನೋಡಲು ಸ್ವಿಚ್ಚು ಹಾಕಿದರು.